ಕರಗುವ ಪದರದ ಬಗ್ಗೆ ಮೇಘನಾಳಿಗೆ

ಮಲ್ಲೇಶ್ವರಂ, ಬೆಂಗಳೂರು

ಚಿ. ಮೇಘನಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆಯ ಸಮಾಚಾರವನ್ನೆಲ್ಲ ನಿನ್ನ ಅಮ್ಮ ಹೇಳಿರುತ್ತಾಳೆ. ನಿನ್ನ ಪತ್ರದ ಒಂದು ಮಾತು ಮಾತ್ರ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ: ‘ಬಳಸಿ ಬಿಸಾಡಿದ ಮೇಲೆ ಕರಗಲೆಂದು ನಾನು ಮಾಡುವ ವಸ್ತು ರೋಗಿಯ ಮೈಯೊಳಗೇ ಕರಗಿಬಿಟ್ಟರೆ?’

ಸಮಾಧಾನ ಹೇಳಿ ಮುಚ್ಚಿಡುವ ಭಯವಲ್ಲ ಇದು. ವಿದ್ಯುತ್ ಹರಿಸುವ ಪ್ಲಾಸ್ಟಿಕ್ಕಾದ ಪೆಡಾಟ್‌ಗೆ ಪಿಎಸ್‌ಎಸ್ ಎಂಬ ಇನ್ನೊಂದು ಪಾಲಿಮರ್ ಜೊತೆಗೂಡಿಸಿದ ಕಡುನೀಲಿ ಪದರ ಉಪ್ಪುನೀರಿನಲ್ಲಿ ಉಬ್ಬಿ, ಅಂಚಿನಿಂದ ಈರುಳ್ಳಿ ಸಿಪ್ಪೆಯಂತೆ ಏಳುತ್ತದೆ ಎಂದು ಬರೆದಿದ್ದೀಯ. ಆದರೆ ಮೈಯ ವಿದ್ಯುತ್ ಸಂಕೇತ ಹಿಡಿಯಲು ಅಯಾನುಗಳು ಪದರದೊಳಗೆ ಇಳಿಯಬೇಕು, ಅದಕ್ಕೆ ನೀರು ಹೀರುವ ಅದೇ ಗುಣ ಬೇಕಲ್ಲವೇ? 1977ರಲ್ಲಿ ಶಿರಾಕಾವಾ, ಮ್ಯಾಕ್‌ಡಯರ್ಮಿಡ್, ಹೀಗರ್ ಅವರು ಅಯೋಡಿನ್ ಸೋಕಿಸಿ ವಾಹಕವಾಗಿಸಿದ ಪಾಲಿಅಸಿಟಿಲೀನ್ ಎಂಬ ಪ್ಲಾಸ್ಟಿಕ್ ಕೂಡ ಗಾಳಿ ತಾಗಿದರೆ ಕೆಡುತ್ತಿತ್ತು. 2000ದಲ್ಲಿ ಅವರಿಗೆ ನೊಬೆಲ್ ಬಂದಾಗ ತರಗತಿಯಲ್ಲಿ ಸಂಭ್ರಮದಿಂದ ಹೇಳಿದ್ದೆ. ಬಾಳಿಕೆಯ ಚಿಂತೆ ಈ ವಿದ್ಯೆಗೆ ಹುಟ್ಟಿನಿಂದಲೇ ಅಂಟಿಕೊಂಡು ಬಂದಿದೆ.

ತಾತನನ್ನು ವಿಲ್ಸನ್ ಗಾರ್ಡನ್ ಚಿತಾಗಾರಕ್ಕೆ ಒಯ್ಯುವ ಮೊದಲು ಪೇಸ್‌ಮೇಕರ್ ತೆಗೆಸಬೇಕಾಯಿತು. ಅದರ ಬ್ಯಾಟರಿ ಬೆಂಕಿಯಲ್ಲಿ ಸಿಡಿಯುತ್ತದೆ. ಹತ್ತಿಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ ಆ ಟೈಟಾನಿಯಂ ಬಿಲ್ಲೆಯ ಮೇಲೆ ಒಂದು ಗೀರೂ ಇರಲಿಲ್ಲ. ಅದನ್ನು ಯಾರಿಗೆ ಒಪ್ಪಿಸಬೇಕೆಂದು ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ. ಅಷ್ಟು ವರ್ಷ ರಸಾಯನಶಾಸ್ತ್ರ ಹೇಳಿಕೊಟ್ಟರೂ ವಸ್ತುವಿನ ಕೊನೆಯ ಬಗ್ಗೆ ಒಂದು ಪಾಠವನ್ನೂ ಮಾಡಲಾಗಲಿಲ್ಲವೆಂಬ ಕೊರಗು ಅಂದಿನಿಂದ ನನಗಿದೆ. ಆದರೂ ಅದು ಕೆಡದೆ ಉಳಿದದ್ದರಿಂದಲೇ ತಾತ ನಮ್ಮೊಡನೆ ಅಷ್ಟು ಕಾಲ ಇದ್ದರು.

ಆದ್ದರಿಂದ ನಿನ್ನ ಭಯ ನ್ಯಾಯವಾದದ್ದೇ. ಹೃದಯಕ್ಕೆ ಕೂರಿಸುವುದು ಬಾಳಬೇಕು; ಚರ್ಮಕ್ಕೆ ಅಂಟಿಸಿ ಕೆಲವೇ ದಿನಗಳಲ್ಲಿ ಕಿತ್ತೆಸೆಯುವ ಇಸಿಜಿ ಪಟ್ಟಿ ಕರಗಬೇಕು. ಎರಡನ್ನೂ ಒಂದೇ ಪದರದಿಂದ ನಿರೀಕ್ಷಿಸಬೇಡ. ನಿನ್ನ ಗೈಡ್ ಒಪ್ಪುವುದಾದರೆ, ಮೊದಲು ಚರ್ಮದ ಮೇಲಿನದನ್ನು ಕೈಗೆತ್ತಿಕೊಳ್ಳುವುದು ಲೇಸೆಂದು ನನಗನ್ನಿಸುತ್ತದೆ.

ಎಳೆಗಳನ್ನು ಬೆಸೆಯುವ ಜಿಒಪಿಎಸ್ ಎಂಬ ರಾಸಾಯನಿಕ ಬೆರೆಸಿದರೆ ಪದರ ಭದ್ರವಾಗಿ ಕೂತು ವಾಹಕತೆ ಇಳಿಯುತ್ತದೆ. ಇದನ್ನು ನಿನಗೆ ನಾನು ಹೇಳಬೇಕಾಗಿಲ್ಲ. 37 ಡಿಗ್ರಿಯ ಉಪ್ಪಿನ ಬಫರಿನಲ್ಲಿ ಅದನ್ನು ನೆನೆಸಿಟ್ಟು ವಿದ್ಯುತ್ತಿಗೆ ಅದು ಒಡ್ಡುವ ತಡೆಯನ್ನು, ಅಂದರೆ ಇಂಪಿಡೆನ್ಸನ್ನು, ಅಳೆಯುವಾಗ, ಆ ನೀರಿಗೆ ಏನೇನು ಇಳಿದಿದೆ ಎಂಬುದನ್ನೂ ಪರೀಕ್ಷಿಸು. ಜೊತೆಗಿರುವುದು ಕರಗಿದರೂ ಪೆಡಾಟ್ ಸುಲಭವಾಗಿ ಕರಗದೆ ಚೂರಾಗಿ ಉಳಿಯುತ್ತದೆ. ಆ ಚೂರು ಮೈಯೊಳಗೆ ಎಲ್ಲಿಗೆ ಹೋಗುತ್ತದೆ ಎಂಬುದು ಈಗ ನನ್ನನ್ನೂ ಕಾಡುತ್ತಿದೆ. ಪಿಎಸ್‌ಎಸ್ ಬದಲು ಕಾಗದದ ಕಾರ್ಖಾನೆಯಲ್ಲಿ ಮರದಿಂದ ಬರುವ ಲಿಗ್ನೋಸಲ್ಫೊನೇಟ್ ಬಳಸುವುದಾದರೆ ಪ್ರತಿ ಡಬ್ಬಿಯ ಬ್ಯಾಚ್ ಸಂಖ್ಯೆಯನ್ನು ಬರೆದಿಡು, ಏಕೆಂದರೆ ಮರ ಬದಲಾದರೆ ಅದರ ಗುಣವೂ ಬದಲಾಗುತ್ತದೆ. ನೆನೆಸಿಟ್ಟ ನೀರಿನ ಫಲಿತಾಂಶ ಬಂದಾಗ ನನಗೂ ಬರೆ.

ಇಂತಿ,
ನಿನ್ನ ದೊಡ್ಡಮ್ಮ