ಪದಕದ ಹಿಂಬದಿಯನ್ನೂ ತೋರಿಸಿ

ರಾಜತಾಂತ್ರಿಕ ಭೇಟಿಗಳ ನೆನಪಿಗೆ ಟಂಕಿಸಿದ ಪದಕಗಳನ್ನು ವಸ್ತುಸಂಗ್ರಹಾಲಯಗಳು ದೊರೆಯ ಮುಖವಷ್ಟೇ ಕಾಣುವಂತೆ ಜೋಡಿಸಿಟ್ಟಾಗ, ಅವುಗಳ ಆಶಯವೇ ನೋಡುಗರಿಗೆ ತಲುಪುವುದಿಲ್ಲ. 1717ರಲ್ಲಿ ರಷ್ಯಾದ ದೊರೆ ಪೀಟರ್ ಪ್ಯಾರಿಸ್‌ನ ಟಂಕಸಾಲೆಗೆ ಭೇಟಿ ಕೊಟ್ಟಾಗ ಅಚ್ಚೊತ್ತಿದ ಪದಕದ ಒಂದು ಬದಿಯಲ್ಲಿ ಆತನ ಮುಖವಿದ್ದರೆ, ಇನ್ನೊಂದು ಬದಿಯಲ್ಲಿ ಕಹಳೆ ಹಿಡಿದು ಹಾರುವ ಕೀರ್ತಿದೇವತೆಯೂ 'ಸಾಗುತ್ತಲೇ ಬಲ ಪಡೆಯುತ್ತಾಳೆ' ಎಂಬರ್ಥದ ಲ್ಯಾಟಿನ್ ಸಾಲೂ ಇವೆ. ದೇಶ ಸುತ್ತಿ ಕಲಿಯುತ್ತಿದ್ದ ದೊರೆಗೆ ಇದಕ್ಕಿಂತ ಜಾಣ ಹೊಗಳಿಕೆ ಇರಲಾರದು. ಕವಿ ವರ್ಜಿಲ್ ಆ ಸಾಲನ್ನು ಬರೆದದ್ದು ಗಾಳಿಸುದ್ದಿಯ ಕುರಿತು ಎಂಬುದು ಬೇರೆ ಮಾತು! ಇಂತಹ ರೂಪಕಗಳ ಪರಿಚಯ ಇಂದು ಹೆಚ್ಚಿನವರಿಗಿಲ್ಲ. ಆದ್ದರಿಂದ ಪದಕದ ಹಿಂದೆ ಕನ್ನಡಿಯನ್ನಿರಿಸಿ, ಅಲ್ಲಿರುವ ಆಕೃತಿ ಯಾರದು, ಅದರ ಕೈಯಲ್ಲಿರುವುದೇನು, ಬರಹದ ಅರ್ಥವೇನು ಎಂಬುದನ್ನು ತಿಳಿಸುವ ನಾಲ್ಕು ಸಾಲಿನ ಫಲಕವನ್ನು ಪಕ್ಕದಲ್ಲೇ ಹಾಕಬೇಕು.