ತಡವಾಯ್ತು ಅಂತ ಬರೆದಿದ್ದೀಯಲ್ಲ, ಪುಟ್ಟಿ

ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಮನೆ ಸುದ್ದಿಯೆಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳುತ್ತಲೇ ಇರುತ್ತಾನೆ, ಅದು ಈಗ ಬೇಡ. ಕೊನೆಗೆ ಒಂದು ಮಾತು ಬರೆದಿದ್ದೀಯಲ್ಲ, ಬೆಂಗಳೂರಿನ ಹುಡುಗರು ರಜೆಯಲ್ಲಿ ಲ್ಯಾಬಿಗೆ ಹೋಗ್ತಿದ್ದಾರೆ, ನಾನು ಮೇಲ್ ಮಾಡಿದ ಪ್ರೊಫೆಸರುಗಳು ಒಬ್ಬರೂ ಉತ್ತರ ಕೊಟ್ಟಿಲ್ಲ, ನನಗೆ ಈಗಲೇ ತಡವಾಗಿಹೋಗಿದೆ ಅನ್ಸುತ್ತೆ ಅತ್ತೆ, ಅಂತ. ಅದನ್ನು ಓದಿದ ಮೇಲೆ ನನಗೆ ಸಮಾಧಾನವೇ ಇಲ್ಲ. ಮಾರ್ಕ್ಸ್ ಕಡಿಮೆ ಬಂತು ಅಂದಿದ್ದರೆ ಸುಮ್ನಿರುತ್ತಿದ್ದೆ. ಹದಿನಾರು ವರ್ಷಕ್ಕೆ ತಡವಾಯ್ತು ಅನ್ನೋದು ಎಲ್ಲಿಂದ ಬಂತು ನಿನ್ನ ತಲೆಗೆ?

ನೀನು ಬರೆದ ಜಾಗಗಳನ್ನೆಲ್ಲ ಪಕ್ಕದ ಮನೆ ಹುಡುಗನನ್ನು ಕೂರಿಸಿಕೊಂಡು ನೆಟ್ಟಿನಲ್ಲಿ ಹುಡುಕಿಸಿದೆ. ಭಾರತೀಯ ವಿಜ್ಞಾನ ಅಕಾಡೆಮಿ ಬೇಸಿಗೆಯಲ್ಲಿ ಕೊಡುವ ಫೆಲೋಶಿಪ್ ಇದೆಯಲ್ಲ, ಅದು ಡಿಗ್ರಿ ಓದುವವರಿಗೆ. ಜಕ್ಕೂರಿನ ನೆಹರೂ ವಿಜ್ಞಾನ ಸಂಶೋಧನಾ ಕೇಂದ್ರದ ಬೇಸಿಗೆ ಫೆಲೋಶಿಪ್ಪೂ ಹಾಗೇ. ಪಿಯುಸಿ ಹುಡುಗಿಯನ್ನು ಅವರು ಬೇಡ ಅಂದಿಲ್ಲ ಪುಟ್ಟಿ, ನಿನ್ನ ಸರದಿಯೇ ಇನ್ನೂ ಬಂದಿಲ್ಲ. ಬಾಗಿಲು ತೆಗೆಯುವ ಮೊದಲೇ ಬಂದು ನಿಂತವಳಿಗೆ ತಡ ಹೇಗಾಗುತ್ತೆ ಹೇಳು. ಬೆಂಗಳೂರಿನಲ್ಲಿ ಪಿಯುಸಿಗೇ ಲ್ಯಾಬಿಗೆ ಹೋಗುವವರಲ್ಲಿ ಜಾಸ್ತಿ ಜನಕ್ಕೆ ಮನೆಯವರದ್ದೋ ಸ್ಕೂಲಿನದ್ದೋ ಪರಿಚಯ ಇರುತ್ತೆ ಅನ್ನೋದು ನನ್ನ ಅಂದಾಜು. ಅದರಲ್ಲಿ ಅವರ ತಪ್ಪೇನಿಲ್ಲ, ನಿನ್ನ ತಪ್ಪೂ ಇಲ್ಲ.

ಈ ಮಾತು ನನಗೆ ಯಾಕೆ ಇಷ್ಟು ಚುಚ್ಚಿತು ಅಂತ ಹೇಳಿಬಿಡುತ್ತೇನೆ. ಬಿ.ಎಸ್ಸಿ. ಮುಗಿಯೋ ವರ್ಷ, ಮಳೆಗಾಲದಲ್ಲಿ, ಕೊಳೆರೋಗ ಬಂದು ಉದುರಿದ ಅಡಿಕೆ ನಾಲ್ಕನ್ನು ನಮ್ಮ ತೋಟದಿಂದ ಕಾಗದದಲ್ಲಿ ಕಟ್ಟಿಕೊಂಡು ಕಾಲೇಜಿಗೆ ಹೋಗಿದ್ದೆ. ಮೇಲೆ ಬಿಳಿ ಬೂಸ್ಟು ಕಟ್ಟಿತ್ತು. ಸೂಜಿಯಲ್ಲಿ ಒಂಚೂರು ಕೆರೆದು ನೀರಿನ ಹನಿಯಲ್ಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನಿಂಬೆಹಣ್ಣಿನ ಆಕಾರದ ಸಣ್ಣ ಸಣ್ಣ ಚೀಲಗಳು. ಕಣ್ಣು ತೆಗೆಯದೆ ನೋಡುತ್ತಾ ಕೂತೆ. ತುಂಬಾ ಹೊತ್ತಾದ ಮೇಲೆ ಒಂದು ಚೀಲದ ತುದಿ ಬಿಚ್ಚಿಕೊಂಡು ಒಳಗಿನ ಬೀಜಾಣುಗಳು ಒಂದೊಂದಾಗಿ ಈಜಿಕೊಂಡು ಹೊರಗೆ ಬಂದವು. ಈಜಿಕೊಂಡು! ಮಳೆ ಬಿಡದೆ ಹಿಡಿದ ವರ್ಷವೇ ಕೊಳೆ ಯಾಕೆ ಜಾಸ್ತಿ ಅಂತ ಅವತ್ತು ನನಗೆ ಅರ್ಥವಾಯ್ತು. ಅದಕ್ಕೆ ನೀರು ಬೇಕು. ಮನೆಯಲ್ಲಿ ಎಲ್ಲರೂ ಮಳೆಯನ್ನು ಬೈಯುತ್ತಿದ್ದರು, ಒಳಗೆ ಏನು ನಡೀತಿದೆ ಅಂತ ನೋಡಿದವಳು ನಾನೊಬ್ಬಳೇ.

ಆ ಖುಷಿಯಲ್ಲೇ ಒಂದು ದೊಡ್ಡ ಸಂಸ್ಥೆಗೆ ಕಾಗದ ಬರೆದೆ, ರಜೆಯಲ್ಲಿ ಬಂದು ಕಲಿಯಬಹುದಾ ಅಂತ. ಉತ್ತರ ಬರಲಿಲ್ಲ. ಪೋಸ್ಟಿನವನ ದಾರಿ ಕಾದು ಕಾದು, ನಮ್ಮಂಥವರಿಗಲ್ಲ ಇದು, ಹೊತ್ತು ಮೀರಿತು ಅಂತ ನನಗೆ ನಾನೇ ಹೇಳಿಕೊಂಡೆ. ಆ ಕಾಗದ ಯಾರ ಕೈಗಾದರೂ ಸಿಕ್ಕಿತ್ತೋ ಇಲ್ಲವೋ ದೇವರಿಗೇ ಗೊತ್ತು. ಆಮೇಲಿನದ್ದು ನಿನಗೆ ಗೊತ್ತೇ ಇದೆ. ಮೇಷ್ಟರ ಕೆಲಸ ನನಗೆ ಬೇಸರ ತರಲಿಲ್ಲ, ಆದರೆ ಆ ಬೀಜಾಣುಗಳು ಈಗಲೂ ನೆನಪಾಗುತ್ತವೆ, ಮುಂದೆ ಏನಾಗುತ್ತಿತ್ತು ಅಂತ ನೋಡಬೇಕಿತ್ತು ಅನ್ನಿಸುತ್ತೆ. ಅದಕ್ಕೇ ನಿನ್ನ ಕಾಗದದಲ್ಲಿ ಅದೇ ಮಾತು ಕಂಡಾಗ ಎದೆ ಧಸಕ್ಕೆಂದಿತು.

ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು ಈ ಕೊಳೆರೋಗದ ಬೆನ್ನು ಹತ್ತಿದವರು. ನಾವೀಗ ಹೊಡೆಯುವ ಬೋರ್ಡೋ ಮದ್ದಿನ ಅಭ್ಯಾಸ ನಮ್ಮ ಅಡಿಕೆ ತೋಟಗಳಿಗೆ ಹತ್ತಿದ್ದು ಅಂಥವರ ಕೆಲಸದಿಂದ. ನೀನು ದಿನಾ ಓಡಾಡುವಂಥ ತೋಟವೇ ಆಗ ಸಂಶೋಧನೆಯ ಜಾಗ ಆಗಿತ್ತು ಅಂತ ಹೇಳುವುದಕ್ಕೆ ಇದನ್ನು ಬರೆದೆ. ಈ ಸಲ ಮದ್ದು ಹೊಡೆಯುವಾಗ ಸುಮ್ನೆ ಹೋಗಿ ಹತ್ತಿರ ನಿಲ್ಲು. ಒಂದು ಕಿಲೋ ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹದ ಸರಿ ಇದೆಯಾ ಅಂತ ನೋಡಲು ಕಬ್ಬಿಣದ ಕತ್ತಿ ಅದ್ದುತ್ತಾರೆ ನೋಡು, ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ ಲೆಕ್ಕ. ಯಾಕೆ ಹಾಗೆ ಅಂತ ನಿನ್ನ ಕೆಮಿಸ್ಟ್ರಿ ಪುಸ್ತಕದಲ್ಲೇ ಇದೆ, ಕಬ್ಬಿಣ ತಾಮ್ರವನ್ನು ಹೊರಗೆ ತಳ್ಳುವ ಪಾಠ. ಆಮೇಲೆ ಒಂದಷ್ಟು ಮರಕ್ಕೆ ಬಣ್ಣದ ದಾರ ಕಟ್ಟಿ, ಮದ್ದು ಹೊಡೆದದ್ದು ಯಾವುದು, ಮಳೆ ತಾಗದ ಹಾಗೆ ಗೊನೆಗೆ ಕೊಟ್ಟೆ ಕಟ್ಟಿದ್ದು ಯಾವುದು ಬರೆದುಕೊಂಡು, ವಾರಕ್ಕೊಮ್ಮೆ ಬುಡದಲ್ಲಿ ಉದುರಿದ ಕೊಳೆ ಅಡಿಕೆ ಎಣಿಸು. ಇದನ್ನು ಮಾಡಲೇಬೇಕು ಅಂತ ನಾನು ಹೇಳ್ತಿಲ್ಲ. ನಿನಗೆ ಗಿಡದ ರೋಗ ಇಷ್ಟವೋ ಇಲ್ಲವೋ, ನನ್ನ ಆಸೆಯನ್ನು ನಿನ್ನ ತಲೆಗೆ ಕಟ್ಟಬಾರದು.

ಅಜ್ಜ ಮಳೆ ಅಳೆದು ಲೆಕ್ಕದ ಪುಸ್ತಕದ ಅಂಚಿನಲ್ಲಿ ಬರೆಯುತ್ತಿದ್ದರು, ನಿನಗೆ ಯಾರಾದರೂ ಹೇಳಿದ್ದಾರಾ? ಜಗಲಿಯ ಎದುರಿಗೆ, ಸೂರಿನ ನೀರು ಬೀಳದ ಕಡೆ, ನೆಟ್ಟಗಿನ ಡಬ್ಬಿ ಒಂದು ಇಡುತ್ತಿದ್ದರು. ಡಬ್ಬಿ ಮೇಲಿಂದ ಕೆಳಗೆ ಒಂದೇ ಅಗಲ ಇದ್ದರೆ ಸಾಕು, ಬಾಯಿ ಎಷ್ಟು ದೊಡ್ಡದಾದರೂ ನಿಂತ ನೀರಿನ ಎತ್ತರವೇ ಮಳೆ. ಆ ಪುಸ್ತಕಗಳನ್ನೆಲ್ಲ ವರಲೆ ತಿಂದಿತು. ಇವತ್ತು ಇದ್ದಿದ್ದರೆ ಎಷ್ಟು ಜನ ಕೇಳಿಕೊಂಡು ಬರುತ್ತಿದ್ದರೋ. ನೀನು ಶುರು ಮಾಡಿದರೆ ಬೆಳಿಗ್ಗೆ ಎಂಟೂವರೆಗೇ ಅಳೆ, ಹವಾಮಾನ ಇಲಾಖೆಯವರು ಅಳೆಯೋದೂ ಅದೇ ಹೊತ್ತಿಗೆ, ಹೋಲಿಸಿ ನೋಡಬಹುದು.

ಮತ್ತೆ ಅದೇ ಮಾತಿಗೆ ಬರ್ತೀನಿ, ಬಿಡೋಕಾಗ್ತಿಲ್ಲ. ತಡವಾಯ್ತು ಅನ್ನೋ ಭಯ ಇರುವವರ ಹತ್ತಿರ ದುಡ್ಡು ಕೀಳುವವರೂ ಇದ್ದಾರೆ. ಇಷ್ಟು ಸಾವಿರ ಕಟ್ಟಿ, ಎರಡು ವಾರದಲ್ಲಿ ಸಂಶೋಧನೆ ಮಾಡಿಸಿ ಸರ್ಟಿಫಿಕೇಟ್ ಕೊಡ್ತೀವಿ ಅಂತ ನಮ್ಮ ಬೀದಿಯ ಒಂದು ಮನೆಗೂ ಫೋನ್ ಬಂದಿತ್ತು. ಅಂಥದ್ದಕ್ಕೆ ನಿಮ್ಮಪ್ಪನ ಹತ್ತಿರ ಕೇಳಬೇಡ. ಕೇಳಿದರೆ ಅವನು ಸಾಲ ಮಾಡಿಯಾದರೂ ಕೊಡ್ತಾನೆ, ಅದೇ ನನಗೆ ಚಿಂತೆ.

ನಿಜವಾಗಿ ನಿನ್ನ ವಯಸ್ಸಿನವರಿಗೆ ಅಂತಲೇ ಇರೋದು ಸ್ವಲ್ಪ ಇದೆ. ಹತ್ತನೇ ಕ್ಲಾಸಿನಲ್ಲಿ ಬೋರ್ಡಿಗೇ ಮೇಲಿನ ಶೇ. 1ರಲ್ಲಿ ಬಂದು ಪಿಯು ಸೈನ್ಸ್ ತಗೊಂಡವರಿಗೆ ಇನ್‌ಸ್ಪೈರ್ ಇಂಟರ್ನ್‌ಶಿಪ್ ಶಿಬಿರ ಅಂತ ಮಾಡ್ತಾರೆ, ಐದು ದಿನದ್ದು, ವಿಜ್ಞಾನಿಗಳೇ ಬಂದು ಮಾತಾಡ್ತಾರೆ. ನಿನ್ನ ಮಾರ್ಕ್ಸ್ ಅದಕ್ಕೆ ಸಾಕಾಗುತ್ತಾ ಪ್ರಿನ್ಸಿಪಾಲರನ್ನು ಕೇಳು. ನವೆಂಬರಿನಲ್ಲಿ ವಿಜ್ಞಾನ ಒಲಿಂಪಿಯಾಡಿನ ಮೊದಲ ಪರೀಕ್ಷೆ ಇರುತ್ತೆ, ಅದರಲ್ಲಿ ಮೇಲೆ ಮೇಲೆ ಹೋದವರಿಗೆ ಬೇಸಿಗೆಯಲ್ಲಿ ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಶಿಬಿರ ನಡೆಸುತ್ತೆ. ಕಷ್ಟ ಇದೆ, ಆದರೂ ಬರೆದು ನೋಡು. ಇಸ್ರೋದ ಯುವಿಕಾ ಶಿಬಿರ ಒಂಬತ್ತನೇ ಕ್ಲಾಸಿನವರಿಗೆ, ಹಳ್ಳಿ ಶಾಲೆಯ ಮಕ್ಕಳಿಗೆ ಆದ್ಯತೆ ಕೊಡ್ತಾರೆ. ತಮ್ಮ ಮುಂದಿನ ವರ್ಷ ಒಂಬತ್ತಕ್ಕೆ ಬರ್ತಾನಲ್ವಾ, ಅವನಿಗೆ ಜ್ಞಾಪಿಸು. ಸೀಸನ್‌ವಾಚ್ ಅಂತ ಇನ್ನೊಂದಿದೆ, ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ನೋಡಿ ಬರೆದು ಅವರಿಗೆ ಕಳಿಸೋದು. ಹಿತ್ತಿಲ ಹಲಸು ಸಾಕು ಅದಕ್ಕೆ. ಯಾರ ಅಪ್ಪಣೆಯೂ ಬೇಡ.

ಮೇಲ್ ಬರೆಯೋದನ್ನು ನಿಲ್ಲಿಸಬೇಡ. ನೀನು ನನಗೆ ತೋರಿಸಿದ್ದರಲ್ಲಿ ವಿಜ್ಞಾನ ಅಂದ್ರೆ ಇಷ್ಟ ಅಂತ ಎರಡು ಪುಟ ಇತ್ತು, ನೀನು ನೋಡಿದ್ದು ಒಂದೂ ಇರಲಿಲ್ಲ. ಅಡಿಕೆ ಎಣಿಸಿದ್ದೋ ಮಳೆ ಅಳೆದದ್ದೋ ಒಂದಿಷ್ಟು ಕೈಯಲ್ಲಿ ಇಟ್ಟುಕೊಂಡು, ನನಗೆ ಹೀಗೆ ಕಂಡಿತು, ಇದು ಯಾಕೆ ಅಂತ ಐದಾರು ಸಾಲು ಬರೆದರೆ ಓದುವವರಿಗೆ ಉತ್ತರ ಕೊಡೋಕೆ ಒಂದು ಕಾರಣ ಸಿಗುತ್ತೆ. ಆಗಲೂ ಬರದೇ ಇರಬಹುದು. ಬರದಿದ್ದರೆ ನಿನ್ನ ಬಗ್ಗೆ ಏನೂ ತೀರ್ಮಾನ ಮಾಡ್ಕೋಬೇಡ, ಇದೊಂದು ಮಾತ್ರ ನನಗೋಸ್ಕರ ನಡೆಸಿಕೊಡು.

ತೀರ್ಥಹಳ್ಳಿಯಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಇದೆ, ನಿಮ್ಮಿಂದ ಒಂದೇ ಬಸ್ಸು. ಮೇಲ್ ಬೇಡ, ಉದುರಿದ ಕಾಯಿ ನಾಲ್ಕು ತಗೊಂಡು ಹೋಗಿ ಕೇಳೋಣ. ಒಬ್ಬಳೇ ಹೋಗೋಕೆ ಸಂಕೋಚ ಅಂದ್ರೆ ನಾನು ಬರ್ತೀನಿ, ಮಂಡಿ ನೋವು ಈಗ ಪರವಾಗಿಲ್ಲ. ಯಾವ ವಾರ ಅಂತ ನಿಮ್ಮಪ್ಪನ ಹತ್ತಿರ ಹೇಳಿ ಕಳಿಸು.

ನಿನ್ನ ಅತ್ತೆ