ಮುಂಗೈಯ ತಿರುವಿನ ಬಗ್ಗೆ

ಚಿರಂಜೀವಿ ಮಗುವಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳುಹಿಸಿದ ಮಣ್ಣಿನ ಪ್ರತಿಮೆಯ ಚಿತ್ರಗಳನ್ನು ಮೂರು ದಿನ ಎದುರಿಗಿಟ್ಟುಕೊಂಡು ನೋಡಿದೆ. ಮುಖವೂ ಹೆಗಲೂ ಚೆನ್ನಾಗಿ ಬಂದಿವೆ. ಬಲಗೈ ಮಾತ್ರ ಬೇರೆಯವರದೆಂಬಂತೆ ಕಾಣುತ್ತದೆ. ಅಂಗೈಯನ್ನು ಹಿಂದಕ್ಕೆ ತಿರುಗಿಸಿರುವೆ, ಆದರೆ ಅಂಗೈ ಮುಂದಿರುವಾಗ ಮುಂಗೈ ಹೇಗಿರುತ್ತದೆಯೋ ಹಾಗೆಯೇ ಬಿಟ್ಟಿರುವೆ. ತಿರುಗುವುದು ಮಣಿಕಟ್ಟಲ್ಲ, ಇಡೀ ಮುಂಗೈ.

ಈ ಕಾಗದವನ್ನು ಪಕ್ಕಕ್ಕಿಟ್ಟು ಬಲಗೈಯನ್ನು ಮಡಚಿ, ಮೊಣಕೈಯ ತುದಿಯಿಂದ ಕಿರುಬೆರಳಿನ ಕಡೆಯ ಮಣಿಕಟ್ಟಿನವರೆಗೂ ಚರ್ಮದಡಿಯೇ ಸಿಗುವ ಎಲುಬಿನ ಅಂಚನ್ನು ಎಡಗೈ ಬೆರಳುಗಳಿಂದ ಸವರುತ್ತಾ ಹೋಗು. ಅದು ಅಲ್ನಾ. ಈಗ ಅಂಗೈಯನ್ನು ನಿನ್ನ ಮುಖದ ಕಡೆಗೂ ಆಚೆಗೂ ತಿರುಗಿಸು. ಅಲ್ನಾ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಹೆಬ್ಬೆರಳಿನ ಕಡೆಯ ರೇಡಿಯಸ್ ಎಲುಬು ಅದನ್ನು ಓರೆಯಾಗಿ ದಾಟುತ್ತಾ ಹಸ್ತವನ್ನು ತನ್ನೊಡನೆ ಒಯ್ಯುತ್ತದೆ. ಅದರ ಜೊತೆಗೆ ಮೇಲಿನ ಮಾಂಸವೂ ಹೊರಳುವುದರಿಂದ, ಆ ಹೊರಳು ಮಣ್ಣಿನಲ್ಲಿ ಕಾಣದಿದ್ದರೆ ಬೆರಳುಗಳನ್ನು ಎಷ್ಟು ಚಂದ ಮಾಡಿದರೂ ಕೈಗೆ ಜೀವ ಬರುವುದಿಲ್ಲ. ಆರ್ಮೇಚರ್, ಅಂದರೆ ಮಣ್ಣಿಗೆ ಒಳಗಿನಿಂದ ಆಧಾರವಾಗುವ ತಂತಿಯ ಚೌಕಟ್ಟನ್ನು, ಕಟ್ಟುವಾಗ ಮುಂಗೈಗೆ ಒಂದು ತಂತಿಯ ಬದಲು ಎರಡನ್ನು ಹಾಕಿ, ಅವುಗಳನ್ನು ಎಲುಬುಗಳಂತೆಯೇ ಒಂದರ ಮೇಲೊಂದು ದಾಟಿಸಿ ನೋಡು.

ಮೊಣಕೈಯ ಹಿಂಬದಿಯಲ್ಲಿ ಎಲುಬಿನ ಮೂರು ಗುಬುಟುಗಳಿವೆ. ಕೈ ನೀಳವಾಗಿದ್ದಾಗ ಅವು ಒಂದೇ ಗೆರೆಯಲ್ಲಿರುತ್ತವೆ, ಮಡಚಿದಾಗ ತ್ರಿಕೋನವಾಗುತ್ತವೆ. ನಿನ್ನ ಪ್ರತಿಮೆಯಲ್ಲಿ ಮಡಚಿದ ಎಡಗೈಯಲ್ಲೂ ಅವು ಗೆರೆಯಾಗಿಯೇ ಉಳಿದಿವೆ.

ಬೆರಳುಗಳನ್ನು ಮಡಚುವ, ಚಾಚುವ ಬಲ ಬಹುಪಾಲು ಮುಂಗೈಯ ಮಾಂಸಖಂಡಗಳಿಂದ ಬರುತ್ತದೆ. ಬೆರಳಿನೊಳಗೆ ಮಾಂಸಖಂಡಗಳಿಲ್ಲ, ಆ ಬಲವನ್ನು ಎಲುಬಿಗೆ ಮುಟ್ಟಿಸುವ ಹುರಿಯಂಥ ರಜ್ಜುಗಳು ಮಾತ್ರ. ರೋಮಿನ ಸ್ಯಾನ್ ಪಿಯೆತ್ರೋ ಇನ್ ವಿಂಕೋಲಿ ಚರ್ಚಿನಲ್ಲಿರುವ ಮೈಕೆಲಾಂಜೆಲೋನ ಮೋಸೆಸ್ ಪ್ರತಿಮೆಯ ಮುಂಗೈಯಲ್ಲಿ, ಕಿರುಬೆರಳನ್ನು ಎತ್ತಿದಾಗ ಉಬ್ಬುವ ಸಣ್ಣ ಮಾಂಸಖಂಡವೂ ಕಾಣುತ್ತದೆ. ಅಷ್ಟು ಸಣ್ಣದನ್ನೂ ಆತ ಬಿಟ್ಟಿಲ್ಲವೆಂಬುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಹಸ್ತದಲ್ಲಿ 27 ಎಲುಬುಗಳಿವೆ. ಎಲ್ಲವನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ಬೆರಳುಗಳು ಹಿಂಬದಿಯಿಂದ ಉದ್ದವಾಗಿಯೂ ಅಂಗೈಯಿಂದ ಗಿಡ್ಡವಾಗಿಯೂ ಕಾಣುತ್ತವೆ ಎಂಬುದು ಗಮನದಲ್ಲಿರಲಿ. ನಮ್ಮ ಶಿಲ್ಪಶಾಸ್ತ್ರದ ಪ್ರಕಾರ ಮುಖವೂ ಒಂದು ತಾಳ, ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗಿನ ಹಸ್ತವೂ ಒಂದು ತಾಳ, ಅಂದರೆ 12 ಅಂಗುಲ (ಈ ಅಂಗುಲ ಇಂಚಲ್ಲ, ತಾಳದ ಹನ್ನೆರಡನೇ ಒಂದು ಪಾಲು). ನಿನ್ನ ಪ್ರತಿಮೆಯ ಹಸ್ತ ಮುಖದ ಮುಕ್ಕಾಲು ಭಾಗವಷ್ಟೇ ಇದೆ.

ಬಲಗೈಯನ್ನು ಮೊಣಕೈಯವರೆಗೆ ಬಿಚ್ಚಿ ಹೊಸದಾಗಿ ಕಟ್ಟು. ಮುಂದಿನ ಬಾರಿ ಹಿಂಬದಿಯ ಚಿತ್ರವನ್ನೂ ಕಳುಹಿಸು.

ನಿನ್ನ ದೊಡ್ಡಪ್ಪ